ಮೇಣದ ಬಿಲ್ಲೆ

ರಾಯದುರ್ಗ
12 ಫೆಬ್ರವರಿ 2025

ಪವಿತ್ರ,

ಹೆಸರಿನ ಮುಂದೆ ಚಿರಂಜೀವಿ ಸೌಭಾಗ್ಯವತಿ ಅಂತ ಬರೆಯಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದೆ. ಮೂರನೆಯ ಹಾಳೆಯಲ್ಲಿ ಬರೀ ಹೆಸರು ಬರೆದಿದ್ದೇನೆ, ಇಷ್ಟರಲ್ಲೇ ಸಂತೋಷಪಡು.

ನನ್ನ ಅಕ್ಷರ ನೋಡಿ ಹೌಹಾರಬೇಡ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ. ನೀನು ಆ ಮಡಕಶಿರಾದ ರವಿತೇಜನನ್ನು ನಮಗೆ ಹೇಳದೆ ಕೇಳದೆ ರಿಜಿಸ್ಟರ್ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತ ದಿನ ನೆನಪಿದೆಯಲ್ಲ. ಕರ್ಪೂರ ಹಚ್ಚಿ, ಎಡ ಎದೆಯನ್ನು ಬಡಿದುಕೊಂಡು, 'ಈ ಎದಿ ಹಾಲು ಕುಡಿದಾಕಿ ಕೂಡ ಇನ್ನ ಒಂದು ಮಾತು ಆಡಿದ್ರ ಕೇಳು, ಈ ಎದಿ ಮ್ಯಾಲೆ ಆಣಿ' ಅಂದಿದ್ದೆ. ಆಣೆ ಆಣೆಯೇ. ಮೂರು ವರ್ಷವಾಗುತ್ತ ಬಂತು, ಮುರಿದಿಲ್ಲ. ಆದರೆ ಮಾತಾಡುವುದಿಲ್ಲ ಅಂದಿದ್ದೆನೇ ಹೊರತು ಬರೆಯುವುದಿಲ್ಲ ಅಂದಿರಲಿಲ್ಲ. ಏಳನೇ ಕ್ಲಾಸಿನ ಕನ್ನಡ ಈಗ ಉಪಯೋಗಕ್ಕೆ ಬಂತು.

ವಿಷಯಕ್ಕೆ ಬರುತ್ತೇನೆ. ಎಡ ಎದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಇದೆ. ದೀಪಾವಳಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಕೈಗೆ ಸಿಕ್ಕಿತು. ನೋವಿಲ್ಲ, ಹಾಗಾಗಿ ಸಂಕ್ರಾಂತಿ ತನಕ ಸುಮ್ಮನಿದ್ದೆ. ಜೀನ್ಸ್ ಹೊಲಿಯುವ ನಮ್ಮ ಯೂನಿಟ್ಟಿನಲ್ಲಿ ನನ್ನ ಪಕ್ಕದ ಮಿಷಿನ್ನಿನಲ್ಲಿ ಕೂರುವ ಬಸವರಾಜೇಶ್ವರಿ ಬಳ್ಳಾರಿಗೆ ಎಳೆದುಕೊಂಡು ಹೋದಳು. ನಿಮ್ಮಪ್ಪನಿಗೆ ಜೀನ್ಸಿನ ಬಟನ್ ತರಲು ಅಂತ ಸುಳ್ಳು ಹೇಳಿದೆ. ದಪ್ಪ ಸೂಜಿ ಹಾಕಿ ಚೂರು ತೆಗೆದರು. ವಾರ ಬಿಟ್ಟು ಹೋದಾಗ ಡಾಕ್ಟರು, 'ಕ್ಯಾನ್ಸರೇ ಐತ್ರಿ ಅಮ್ಮಾ. ಯಾವ ತರದ್ದು ಅಂತ ಪ್ರೋಟೀನ್ ಟೆಸ್ಟ್ ಆದ ಮ್ಯಾಲೆ ಔಷಧಿ ಹೇಳ್ತೀನಿ' ಅಂದರು. ಒಂದು ಮೇಣದ ಬಿಲ್ಲೆ ಕೊಟ್ಟರು. ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮೇಣ, ಮೇಣದೊಳಗೆ ನನ್ನ ಮಾಂಸದ ಚೂರು. ಅದನ್ನು ದೊಡ್ಡ ಲ್ಯಾಬಿಗೆ ಒಯ್ಯಬೇಕಂತೆ. ಮನೆಯಲ್ಲಿಟ್ಟರೆ ನಿಮ್ಮಪ್ಪನ ಕಣ್ಣಿಗೆ ಬೀಳುತ್ತದೆ ಅಂತ ಮಿಷಿನ್ನಿನ ಡ್ರಾದಲ್ಲಿಟ್ಟಿದ್ದೇನೆ.

ನಿನ್ನನ್ನು ಕೇಳುವುದು ಎರಡೇ. ನೀನು ಕಾಲೇಜಿನಲ್ಲಿ ಪಾಠ ಹೇಳುವುದು ಇಂಥದ್ದನ್ನೇ ಅಲ್ಲವೆ, ಆ ಪ್ರೋಟೀನು ಅಂದರೆ ಏನು? ಇನ್ನೊಂದು, ಎದೆಗೆ ಏಟು ಬಿದ್ದರೆ ಈ ರೋಗ ಬರುತ್ತದೆಯೆ? ಇದು ಬಸವರಾಜೇಶ್ವರಿಯ ನೆಂಟರಿಗಾಗಿ ಕೇಳುತ್ತಿದ್ದೇನೆ.

ನಿಮ್ಮಪ್ಪನಿಗೆ ಹೇಳಬೇಡ. ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರು ಅವರು, ಕೈ ತಪ್ಪಿದರೆ ನೂರು ಪ್ಯಾಂಟಿನ ಬಟ್ಟೆ ಒಂದೇ ಸಲ ಹಾಳು. ಯುಗಾದಿ ಆರ್ಡರು ಮುಗಿಯಲಿ.

ಬರೆದವಳು,
ಓಬಮ್ಮ


ಮಡಕಶಿರಾ
18 ಫೆಬ್ರವರಿ 2025

ಅವ್ವಾ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ. ಆಮೇಲೆ ಕ್ಲಾಸಿಗೆ ಹೋಗಿ ಜಿರಲೆಯ ಪಾಠ ಮಾಡಬೇಕಾದವಳು ಕಪ್ಪೆಯ ಚಿತ್ರ ಬರೆದೆ. ಮಕ್ಕಳು ನಕ್ಕ ಮೇಲೆ ಗೊತ್ತಾಯಿತು. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಮ್ಮ ಕಡೆ ಬರುವ ಕಲ್ಯಾಣದುರ್ಗದ ಬಸ್ಸು ಹತ್ತಿ ಕೂತೆ. ಕಂಡಕ್ಟರ್ ಟಿಕೆಟ್ ಕೇಳುವ ಹೊತ್ತಿಗೆ ಇಳಿದುಬಿಟ್ಟೆ. ಬಂದರೆ ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಏನು ಮಾಡಲಿ? ಮಾರನೆಯ ದಿನವೂ ಹಾಗೇ ಹತ್ತಿ, ಹಾಗೇ ಇಳಿದೆ. ನಮ್ಮತ್ತೆ ಬನಶಂಕರಮ್ಮ, 'ಅದೇನ್ ಕಣಮ್ಮಾ, ಕಾಲಿಗೆ ಚಕ್ರ ಕಟ್ಕಂಡಂಗೆ ಅಡ್ಡಾಡ್ತೀಯ' ಎಂದು ಗದರಿದರು.

ನಿನ್ನ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ಏಟು ಬಿದ್ದರೆ ಈ ರೋಗ ಬರುವುದಿಲ್ಲ. ಬಸವರಾಜೇಶ್ವರಿಯ ನೆಂಟರಿಗೆ ಹಾಗೆಂದು ಹೇಳು, ಎರಡು ಸಲ ಹೇಳು.

ಇನ್ನು ಪ್ರೋಟೀನು. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿಂದ ಆದದ್ದು. ಒಂದೊಂದು ಕೋಶವೂ ಒಂದು ಯೂನಿಟ್ಟು ಅಂದುಕೋ. ಒಳಗೆ ಕೆಲಸ ಮಾಡುವವರೆಲ್ಲ ಪ್ರೋಟೀನುಗಳು. ಅವರಲ್ಲಿ ಒಬ್ಬ ಮೇಸ್ತ್ರಿ ಕೋಶದ ನಟ್ಟನಡುವೆ ಕೂತಿರುತ್ತಾನೆ. ಹೆಣ್ಣಿನ ರಕ್ತದಲ್ಲಿ ಹರಿದಾಡುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಆಫೀಸಿನಿಂದ ಬರುವ ಆರ್ಡರು. ಮೇಸ್ತ್ರಿ ಅದನ್ನು ಹಿಡಿದುಕೊಂಡು 'ಇನ್ನೊಂದು ಕೋಶ ಮಾಡಿ' ಎನ್ನುತ್ತಾನೆ. ಆರೋಗ್ಯದ ಕೋಶದಲ್ಲಿ 'ಸಾಕು' ಎಂದು ತಡೆಯುವ ಪ್ರೋಟೀನುಗಳೂ ಇರುತ್ತವೆ, ಕೆಟ್ಟ ಪೀಸನ್ನು ಎತ್ತಿ ಆಚೆ ಹಾಕುವ ನಿಮ್ಮ ಚೆಕಿಂಗಿನವರ ಹಾಗೆ. ಗಡ್ಡೆಯಲ್ಲಿ ತಡೆಯುವವರು ಸೋತಿರುತ್ತಾರೆ, ಮಾಡಿ ಅನ್ನುವವನ ಬಾಯಿ ಮಾತ್ರ ನಿಲ್ಲುವುದಿಲ್ಲ. ನಿನ್ನ ಗಡ್ಡೆಯಲ್ಲಿರುವುದು ಈ ಮೇಸ್ತ್ರಿಯೇ ಆದರೆ, ಅವನಿಗೆ ಆರ್ಡರು ಮುಟ್ಟದ ಹಾಗೆ ದಿನಕ್ಕೊಂದು ಮಾತ್ರೆಯಿಂದ ತಡೆಯಬಹುದು. ಅವನಿಲ್ಲದಿದ್ದರೆ ದಾರಿ ಬೇರೆ, ಕಷ್ಟದ್ದು. ಯಾರಿದ್ದಾರೆ ಎಂದು ನೋಡುವುದೇ ಆ ಟೆಸ್ಟು.

ಬಿಲ್ಲೆಯನ್ನು ನನಗೆ ಕಳಿಸು. ಬೆಂಗಳೂರಿನಲ್ಲಿ ನನ್ನ ಜೊತೆ ಓದಿದ ರಾಮಾಂಜಿನಮ್ಮ ಅಂಥದೇ ಲ್ಯಾಬಿನಲ್ಲಿದ್ದಾಳೆ. ಅಪ್ಪನಿಗೆ ಹೇಳು. ಫೋನು ಮಾಡಲೇ? ನೀನು ಮಾತಾಡಬೇಡ, ಕಿವಿಗೆ ಇಟ್ಟುಕೋ ಸಾಕು.

ನಿನ್ನ ಮಗಳು (ನೀನು ಒಪ್ಪಿದರೂ ಒಪ್ಪದಿದ್ದರೂ),
ಪವಿತ್ರ


ರಾಯದುರ್ಗ
27 ಫೆಬ್ರವರಿ 2025

ಪವಿತ್ರ,

ಫೋನು ಬೇಡ. ಕಿವಿಗೆ ಇಟ್ಟುಕೊಂಡರೆ ಬಾಯಿ ತಾನಾಗಿ ತೆರೆಯುತ್ತದೆ, ನನ್ನ ಬಾಯಿ ನನಗೆ ಗೊತ್ತಿಲ್ಲವೆ.

ಪ್ರೋಟೀನು ಗಡ್ಡೆ ಬೆಳೆಸುತ್ತದೆ ಅಂತ ನೀನು ಬರೆದದ್ದು ಓದಿದ ದಿನದಿಂದ ಬೇಳೆ, ಮೊಟ್ಟೆ, ಶೇಂಗಾ ಎಲ್ಲ ಬಿಟ್ಟಿದ್ದೇನೆ. ಮೇಸ್ತ್ರಿ ಉಪವಾಸ ಬೀಳಲಿ. ನಿಮ್ಮಪ್ಪ, 'ಯಾಕ, ಬರೇ ಮಜ್ಜಿಗಿ ಅನ್ನ ಉಣ್ಣಾಕತ್ತಿ, ಏನ್ ವ್ರತ?' ಅಂದರು. ಶನಿವಾರದ ಒಪ್ಪತ್ತು ಅಂದೆ. 'ಇವತ್ತು ಮಂಗಳವಾರ ಐತಿ' ಅಂದರು.

ನಿನ್ನ ಮೇಸ್ತ್ರಿಯ ಕಥೆ ಚೆನ್ನಾಗಿದೆ, ಆದರೆ ನೀನು ಯೂನಿಟ್ಟಿನಲ್ಲಿ ಕೆಲಸ ಮಾಡಿದವಳಲ್ಲ. ನಮ್ಮ ಹಳೆಯ ಮೇಸ್ತ್ರಿ ಎರ್ರಿಸ್ವಾಮಿ ಇದ್ದನಲ್ಲ, ಅವನಿಗೆ ಆಫೀಸಿನಿಂದ ಆರ್ಡರೇ ಬೇಕಿರಲಿಲ್ಲ. ಆರ್ಡರು ಇರಲಿ ಬಿಡಲಿ, ಮುಂಜಾನೆಯಿಂದ 'ಮಿಷಿನ್ ಓಡಸ್ರಿ, ಓಡಸ್ರಿ' ಅಂತ ಕಿರುಚುತ್ತಿದ್ದ. ನನ್ನೊಳಗೆ ಅಂಥವನು ಕೂತಿದ್ದರೆ ಆರ್ಡರು ತಡೆದು ಏನು ಉಪಯೋಗ? ಇದಕ್ಕೆ ನಿನ್ನ ಪುಸ್ತಕದಲ್ಲಿ ಉತ್ತರ ಇದೆಯೋ ಇಲ್ಲವೋ.

ಬಿಲ್ಲೆ ಡ್ರಾದಲ್ಲಿ ಭದ್ರವಾಗಿದೆ. ಯುಗಾದಿಗೆ ಮೊದಲು ನಾಲ್ಕು ಸಾವಿರ ಪೀಸು ಹೋಗಬೇಕು, ಈಗ ರಜೆ ಕೇಳಿದರೆ ಯಾಕೆ ಅಂತ ಕೇಳುತ್ತಾರೆ. ಆದರೆ ಕೂತ ಕಡೆ ಕೂರಲು ಆಗುತ್ತಿಲ್ಲ. ಮಿಷಿನ್ ನಿಲ್ಲಿಸಿದರೂ ಪೆಡಲಿನ ಮೇಲೆ ಕಾಲು ಆಡುತ್ತಲೇ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಡ್ರಾ ತೆಗೆದು ಅದು ಇದೆಯೋ ಇಲ್ಲವೋ ನೋಡುತ್ತೇನೆ. ಇರದೆ ಎಲ್ಲಿಗೆ ಹೋದೀತು?

ಓಬಮ್ಮ


ಮಡಕಶಿರಾ
5 ಮಾರ್ಚ್ 2025

ಅವ್ವಾ,

ಬೇಳೆ ತಿನ್ನು. ಮೊಟ್ಟೆ ತಿನ್ನು. ಅಯ್ಯೋ ದೇವರೇ, ನಾನು ಬರೆದದ್ದೇನು, ನೀನು ಮಾಡಿದ್ದೇನು! ತಟ್ಟೆಯ ಬೇಳೆ ಹೊಟ್ಟೆಯಲ್ಲಿ ಕರಗಿ ಪುಡಿಯಾಗುತ್ತದೆ. ಕೋಶದೊಳಗಿನ ಪ್ರೋಟೀನನ್ನು ಆ ಕೋಶವೇ ತನಗೆ ಬೇಕಾದಂತೆ ಕಟ್ಟಿಕೊಳ್ಳುತ್ತದೆ. ನೀನು ಉಪವಾಸ ಬಿದ್ದರೆ ಸೊರಗುವುದು ನೀನು, ಗಡ್ಡೆಯಲ್ಲ.

ಎರ್ರಿಸ್ವಾಮಿಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇದೆ. ಐದು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿಲ್ಲ. ಆರ್ಡರಿಗೆ ಕಾಯದೆ ಕೂಗುವ ಪ್ರೋಟೀನು ನಿಜವಾಗಿಯೂ ಇದೆ. ಅದು ಕೋಶದ ಬಾಗಿಲಲ್ಲಿ ಗುಂಪುಗಟ್ಟಿ ನಿಂತು ಒಳಗಿನವರಿಗೆ 'ಓಡಸ್ರಿ' ಎಂದು ಕೂಗುತ್ತಲೇ ಇರುತ್ತದೆ, ಅದು ಇದ್ದರೆ ಗಡ್ಡೆ ಬೇಗ ಬೆಳೆಯುತ್ತದೆ. ಅದಕ್ಕೆ ಮಾತ್ರೆಯಲ್ಲ, ಬೇರೆ ಇಂಜೆಕ್ಷನ್. ಅದಕ್ಕೇ ಹೇಳುವುದು, ಒಳಗಿರುವವನು ಯಾರೆಂದು ತಿಳಿಯದೆ ಔಷಧಿ ಕೊಡಲು ಬರುವುದಿಲ್ಲ. ಎರ್ರಿಸ್ವಾಮಿಯಂಥವನೇ ಇದ್ದರೆ ನೀನು ಕಾಯುವ ಪ್ರತಿ ವಾರವೂ ಅವನದು. ನಾಲ್ಕು ಸಾವಿರ ಪೀಸು ಹಾಳಾಗಿ ಹೋಗಲಿ!

ಪ್ರತಿ ಭಾನುವಾರ ಅಪ್ಪ ಫೋನು ಮಾಡುತ್ತಾರೆ. ನೀನು ಪಕ್ಕದಲ್ಲೇ ನಿಂತಿರುತ್ತೀಯ, ನಿನ್ನ ಬಳೆ ಸದ್ದು ಕೇಳುತ್ತದೆ. ಅಪ್ಪ 'ಏನ್ ಸಮಾಚಾರನವ್ವಾ' ಅಂತಾರೆ. ನಾನು ಬಿಸಿಲಿನ ಮಾತಾಡುತ್ತೇನೆ. ಇನ್ನು ಎಷ್ಟು ಭಾನುವಾರ ಬಿಸಿಲಿನ ಮಾತಾಡಲಿ? ಬಿಲ್ಲೆ ಕಳಿಸು.

ಪವಿತ್ರ


ರಾಯದುರ್ಗ
15 ಮಾರ್ಚ್ 2025

ಪವಿತ್ರ,

ಆಗಬಾರದ್ದು ಆಗಿಹೋಯಿತು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ಪ್ಯಾಂಟಿನಲ್ಲಿ ನಾಲ್ಕು ಪದರ ಕೂಡುವ ಜಾಗದಲ್ಲಿ ಸೂಜಿ ಇಳಿಯದೆ ಮುರಿಯುತ್ತದೆ. ಅಲ್ಲಿ ಮೇಣದಬತ್ತಿ ತಿಕ್ಕಿದರೆ ಸರಾಗ ಇಳಿಯುತ್ತದೆ. ಸಣ್ಣವಳಿದ್ದಾಗ ನೀನೇ ತಿಕ್ಕಿಕೊಟ್ಟಿದ್ದೀಯ. ಮೊನ್ನೆ ನಾನು ನೀರು ಕುಡಿದು ಬರುವಷ್ಟರಲ್ಲಿ ಬಸವರಾಜೇಶ್ವರಿಯ ಸೂಜಿ ಎರಡು ಸಲ ಮುರಿದಿತ್ತು, ಅವಳ ಮೇಣದಬತ್ತಿ ಮುಗಿದಿತ್ತು. ನನ್ನ ಡ್ರಾ ಎಳೆದಳು. ಅವಳಿಗೆ ರೋಗ ಗೊತ್ತು, ಬಿಲ್ಲೆ ಗೊತ್ತಿಲ್ಲ. ಬಳ್ಳಾರಿಯಲ್ಲಿ ಡಾಕ್ಟರು ಅದನ್ನು ಕೊಡುವಾಗ ಚಹಾ ಕುಡಿಯಲು ಹೋಗಿದ್ದಳು. ನಾನು ವಾಪಸು ಬಂದರೆ ಕೈಯಲ್ಲಿ ಬಿಲ್ಲೆ ಹಿಡಿದು ಪ್ಯಾಂಟಿಗೆ ತಿಕ್ಕುತ್ತಿದ್ದಾಳೆ.

'ಓಬಕ್ಕಾ, ಎಲ್ಲಿ ತಂದಿ ಈ ಮೇಣ? ಬಾಳ ಚೆಂದ ಜಾರತೈತಿ' ಅಂದಳು.

'ಅದು ನನ್ನ ಎದಿ ಐತಿ ಹುಚ್ಚೀ!' ಅಂತ ಕಿರುಚಿದೆ.

ಯೂನಿಟ್ಟಿನ ಮಿಷಿನ್‌ಗಳೆಲ್ಲ ನಿಂತವು. ಅವಳು ಬಿಲ್ಲೆ ಕೈಬಿಟ್ಟು, ಬಟ್ಟೆ ಸೋಪಿನ ಪುಡಿ ಹಾಕಿ ಮೂರು ಸಲ ಕೈ ತೊಳೆದಳು, ಆಮೇಲೆ ನನ್ನ ಕಾಲು ಹಿಡಿದು ಅತ್ತಳು. ಅಂಟುರೋಗ ಅಲ್ಲ ಕಣೇ ಅಂತ ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ತಿಕ್ಕಿದ ಏಳೆಂಟು ಪ್ಯಾಂಟು ಅಷ್ಟರಲ್ಲಿ ಬಂಡಲ್ ಆಗಿ ಹೋಗಿದ್ದವು. ಯಾವ ಊರಲ್ಲೋ ಯಾವನೋ ನನ್ನ ಚೂರನ್ನು ತೊಟ್ಟುಕೊಂಡು ಬೈಕ್ ಓಡಿಸುತ್ತಾನೆ ಅಂತ ನೆನೆದು ನಗು ಬಂತು. ನಕ್ಕೆ. ಆಮೇಲೆ ನೋಡಿದರೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಬಿಲ್ಲೆಯ ಮುಖ ಸವೆದು ಗೀರು ಗೀರಾಗಿದೆ, ನೀಲಿ ನೂಲು ಅಂಟಿದೆ. ಒಳಗೆ ಬೆಳ್ಳಗೆ ಏನೋ ಒಂದಿಷ್ಟು ಕಾಣುತ್ತದೆ. ಬಳ್ಳಾರಿಗೆ ಫೋನು ಮಾಡಿ ಕೇಳಿದರೆ, ಅದರಲ್ಲಿ ಉಳಿದಿದ್ದರೆ ಸರಿ, ಇಲ್ಲದಿದ್ದರೆ ಇನ್ನೊಂದು ಸಲ ಸೂಜಿ ಹಾಕಬೇಕು ಅಂದರು. ಕೇಳು ಪವಿತ್ರ, ನಾನು ಇನ್ನೊಂದು ಸಲ ಆ ಸೂಜಿ ಹಾಕಿಸಿಕೊಳ್ಳುವುದಿಲ್ಲ. ನಿನ್ನನ್ನು ಹೆತ್ತಾಗಲೂ ಅಷ್ಟು ಕೂಗಿರಲಿಲ್ಲ. ಗುಮ್ಮಘಟ್ಟದಲ್ಲಿ ಒಬ್ಬರು ಸೊಪ್ಪು ಅರೆದು ಕಟ್ಟುತ್ತಾರಂತೆ. ಈ ಬಿಲ್ಲೆಯಲ್ಲಿ ಏನಾದರೂ ಗೊತ್ತಾದರೆ ಆಸ್ಪತ್ರೆ. ಗೊತ್ತಾಗದಿದ್ದರೆ ಗುಮ್ಮಘಟ್ಟ. ಇದು ಆಣೆಯಲ್ಲ, ಆದರೂ ಖಂಡಿತ.

ಗುರುವಾರ ಬಸವರಾಜೇಶ್ವರಿ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಬಿಲ್ಲೆ ತರುತ್ತಾಳೆ. ಮಾಡಿದ ತಪ್ಪಿಗೆ ತಾನೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಹತ್ತು ಗಂಟೆಗೆ ನಿಂತಿರು.

ಓಬಮ್ಮ


ಮಡಕಶಿರಾ
25 ಮಾರ್ಚ್ 2025

ಅವ್ವಾ,

ಬಸವರಾಜೇಶ್ವರಿ ಬಿಲ್ಲೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಮೇಣ ಕರಗೀತು ಎಂದು ದಾರಿಯುದ್ದಕ್ಕೂ ಬಾಟಲಿ ನೀರು ಚಿಮುಕಿಸಿಕೊಂಡು ಬಂದಿದ್ದಳು. ಸೀರೆಯೆಲ್ಲ ನೆನೆದಿತ್ತು. 'ತಂಗೀ, ನನ್ನ ಕೈ ಮುರಿದು ಹೋಗ್ಲಿ' ಅಂತ ಬಸ್ ಸ್ಟ್ಯಾಂಡಿನಲ್ಲೇ ಅತ್ತಳು. ಇಬ್ಬರೂ ಸೋಡಾ ಕುಡಿದೆವು.

ಮಾರನೆಯ ದಿನ ರವಿತೇಜನ ಜೊತೆ ಬೆಂಗಳೂರಿಗೆ ಹೋದೆ. ರಾಮಾಂಜಿನಮ್ಮ ಚಿಮುಟದಿಂದ ನೀಲಿ ನೂಲನ್ನು ಒಂದೊಂದೇ ಎಳೆದು, 'ಐದಾರು ವರ್ಷದ ಸರ್ವೀಸಿನಲ್ಲಿ ಜೀನ್ಸಿಗೆ ತಿಕ್ಕಿದ ಮೇಣದ ಬ್ಲಾಕ್ ನೋಡಿಲ್ಲ' ಎಂದಳು. ಹಳೆಯ ಮೇಣ ಕರಗಿಸಿ, ಉಳಿದ ಚೂರನ್ನು ತಿರುಗಿಸಿ ಹೊಸ ಮೇಣದಲ್ಲಿ ಕೂರಿಸಿದರು. ಉಳಿದಿರುವುದು ಅಕ್ಕಿಯ ನುಚ್ಚಿನಷ್ಟು. ಸಾಕಾಗಬಹುದು, ಆಗದೆಯೂ ಇರಬಹುದು ಎಂದಳು. ಅದನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಔಷಧಿ ಹಾಕುತ್ತಾರೆ. ಪ್ರೋಟೀನು ಇದ್ದ ಕಡೆ ಕಂದು ಬಣ್ಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಹತ್ತು ದಿನ ಕಾಯಬೇಕು.

ಈ ಹತ್ತು ದಿನ ಹೇಗೆ ಕಳೆಯಲಿ? ಉತ್ತರ ಪತ್ರಿಕೆ ತಿದ್ದಲು ಕೂತರೆ ಒಂದೇ ಪತ್ರಿಕೆಗೆ ಎರಡು ಸಲ ಅಂಕ ಹಾಕುತ್ತೇನೆ.

ಒಂದು ಮಾತು ಹೇಳಿಬಿಡುತ್ತೇನೆ. ಬಸವರಾಜೇಶ್ವರಿಯನ್ನು ಕೇಳಿದೆ, ಎದೆಗೆ ಏಟು ಬಿದ್ದ ನೆಂಟರು ಯಾರು ಎಂದು. ಅಂಥ ನೆಂಟರೇ ಇಲ್ಲವಂತೆ. ನನಗೆ ಮೊದಲೇ ಗೊತ್ತಿತ್ತು. ಆ ದಿನ ನೀನು ಎಡ ಎದೆ ಬಡಿದುಕೊಂಡ ಸದ್ದು ನನಗಿನ್ನೂ ಕೇಳುತ್ತದೆ. ನಾನು ಬಾಗಿಲಿಗೆ ಬರದಿದ್ದರೆ ನೀನು ಬಡಿದುಕೊಳ್ಳುತ್ತಿರಲಿಲ್ಲ. ಪಾಠ ಹೇಳುವವಳು ನಾನು, ಏಟಿಗೆ ಈ ರೋಗ ಬರುವುದಿಲ್ಲ ಎಂದು ಬಲ್ಲೆ. ಆದರೂ ನನ್ನಿಂದಲೇ ಬಂತು ಅನ್ನಿಸುತ್ತದೆ, ಅನ್ನಿಸುವುದು ನಿಲ್ಲುವುದಿಲ್ಲ. ನಿನಗೂ ಹಾಗೆ ಅನ್ನಿಸುತ್ತದೆಯೆ? ನಿಜ ಬರೆ.

ಪವಿತ್ರ


ರಾಯದುರ್ಗ
1 ಏಪ್ರಿಲ್ 2025

ಪವಿತ್ರ,

ನಿಮ್ಮಪ್ಪನಿಗೆ ಗೊತ್ತಾಯಿತು. ಯುಗಾದಿಯ ದಿನ ಹೋಳಿಗೆ ಉಂಡು, ಕೈ ತೊಳೆದು ಬಂದು ಕೂತರು. 'ಬಟನ್ ತರಾಕ ಅಂತ ಎರಡು ಸಲ ಬಳ್ಳಾರಿಗೆ ಹೋಗಿ ಬಂದಿ. ಬಟನ್ ನಮ್ಮ ರಾಯದುರ್ಗದಾಗ ಸಿಗತಾವು. ಮೂವತ್ತು ವರ್ಷದಿಂದ ಬಟ್ಟಿ ಕತ್ತರಸ್ತೀನಿ, ನಾನೇನು ಕುರುಡನೇನು?' ಅಂದರು.

'ಮತ್ತ ಯಾಕ ಕೇಳಲಿಲ್ಲ?' ಅಂದೆ.

'ನೀನೇ ಹೇಳ್ತಿ ಅಂತ ಕಾದೆ' ಅಂದರು. ಹೇಳಿದೆ. ಎದ್ದು ಹೋಗಿ ಹೊಸ್ತಿಲಲ್ಲಿ ಕೂತು ಕತ್ತರಿ ಸಾಣೆ ಹಿಡಿದರು, ಹಬ್ಬದ ದಿನ. ಊಟದ ಎಲೆ ಎತ್ತಿದವರೂ ಅವರೇ. ಯಾವತ್ತೂ ಎತ್ತಿದವರಲ್ಲ.

ನೀನು ಕೇಳಿದ್ದಕ್ಕೆ ನಿಜ ಬರೆಯುತ್ತೇನೆ. ನಿನ್ನಿಂದ ಬಂತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡ. ನನ್ನ ಕೈಯಿಂದ ಬಂತು ಅಂತ ಅನ್ನಿಸುತ್ತದೆ. ಹೆತ್ತ ಮಗಳ ಮುಂದೆ ಹಾಲು ಕೊಟ್ಟ ಎದೆಯನ್ನೇ ಬಡಿದು ಆಣೆ ಹಾಕಿದರೆ ದೇವರು ಸುಮ್ಮನಿರುತ್ತಾನೆಯೆ? ನೀನು ಪ್ರೋಟೀನು ಅಂತೀಯ. ಇರಬಹುದು. ಆದರೆ ಬಲ ಎದೆಗೆ ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಹೇಳು.

ಲ್ಯಾಬಿನವರು ಏನಂದರು? ಅಂಚೆಯವನು ಬರುವ ಹೊತ್ತಿಗೆ ಯೂನಿಟ್ಟಿನಿಂದ ಮನೆಗೆ ಓಡಿ ಬರುತ್ತಿದ್ದೇನೆ. ಅವನು ನನ್ನನ್ನು ಕಂಡರೆ ಸೈಕಲ್ಲು ತಿರುಗಿಸುತ್ತಾನೆ.

ಅವ್ವ


ಮಡಕಶಿರಾ
8 ಏಪ್ರಿಲ್ 2025

ಅವ್ವಾ,

ಗೊತ್ತಾಯಿತು! ಆ ನುಚ್ಚಿನಷ್ಟು ಚೂರು ಸಾಕಾಯಿತು!

ಅಪ್ಪನಿಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ, ಆದರೂ ನಿನಗೆ ಬರೆಯದೆ ಸಮಾಧಾನವಿಲ್ಲ. ನೂರು ಕೋಶಗಳಲ್ಲಿ ತೊಂಬತ್ತರಲ್ಲಿ ಆ ಮೊದಲನೆಯ ಮೇಸ್ತ್ರಿ ಇದ್ದಾನೆ. ಎರ್ರಿಸ್ವಾಮಿ ಇಲ್ಲ. ಅಂದರೆ ಆಪರೇಷನ್ ಆದ ಮೇಲೆ ಮಾತ್ರೆ ಕೆಲಸ ಮಾಡುತ್ತದೆ. ರಾಮಾಂಜಿನಮ್ಮ ನನಗೆ ಮೈಕ್ರೊಸ್ಕೋಪಿನಲ್ಲಿ ತೋರಿಸಿದಳು. ನೀಲಿ ನೆಲದ ಮೇಲೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಕೋಶದ ನಡುಮನೆ. ಕಾಲೇಜಿನಲ್ಲಿ ನೂರಾರು ಸ್ಲೈಡು ನೋಡಿದ್ದೇನೆ. ಇದನ್ನು ನೋಡಿ ಕಣ್ಣು ತೆಗೆಯಲು ಆಗಲಿಲ್ಲ. ಇವಳು ನಮ್ಮವ್ವ, ಅಂದುಕೊಂಡೆ. ಅತ್ತುಬಿಟ್ಟೆ.

ಇನ್ನೊಂದು ಪ್ರೋಟೀನನ್ನೂ ನೋಡಿದ್ದಾರೆ, ಒಡೆದು ಎರಡಾಗಲು ಹೊರಟ ಕೋಶದಲ್ಲಿ ಮಾತ್ರ ಅದು ಇರುತ್ತದೆ. ನಿನ್ನ ಗಡ್ಡೆಯಲ್ಲಿ ನೂರಕ್ಕೆ ಹನ್ನೆರಡರಲ್ಲಿ ಮಾತ್ರ ಇದೆ. ಅಂದರೆ ಇದು ನಿಧಾನದ ಗಡ್ಡೆ. ಅಲ್ಲಿನ ಡಾಕ್ಟರನ್ನು ಕೇಳಿದೆ, ಇಷ್ಟು ನಿಧಾನದ್ದು ನೆಲ್ಲಿಕಾಯಿ ಗಾತ್ರಕ್ಕೆ ಬರಲು ಎಷ್ಟು ವರ್ಷ ಬೇಕು ಎಂದು. 'ಇಂತಿಷ್ಟೇ ಅಂತ ಯಾರೂ ಹೇಳಲಾರರು. ಆದರೆ ಮೂರು ವರ್ಷಕ್ಕೂ ಹಿಂದೆ ಶುರುವಾಗಿರುವ ಸಂಭವವೇ ಹೆಚ್ಚು' ಎಂದರು.

ಓದಿದೆಯಾ? ಇನ್ನೊಂದು ಸಲ ಓದು. ನೀನು ಬಡಿದುಕೊಳ್ಳುವ ಮೊದಲೇ ಅದು ಅಲ್ಲಿತ್ತು. ನಿನ್ನ ಕೈಯಿಂದ ಬಂದದ್ದಲ್ಲ, ನನ್ನ ಮದುವೆಯಿಂದ ಬಂದದ್ದಲ್ಲ. ಬಲಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಒಂದು ಕೋಶದಲ್ಲಿ ಒಂದು ಕಡೆ ತಡೆ ತಪ್ಪುತ್ತದೆ. ಅದು ಎಡಕ್ಕೆ ತಪ್ಪಿತು. ಅದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನು ಗುಮ್ಮಘಟ್ಟದ ಮಾತು ಎತ್ತಬೇಡ. ಬಳ್ಳಾರಿಯಲ್ಲಿ ದಿನ ಗೊತ್ತುಮಾಡಿ ತಿಳಿಸು. ನಾನು ಬರುತ್ತೇನೆ, ನೀನು ಮಾತಾಡದಿದ್ದರೂ ಬರುತ್ತೇನೆ.

ಪವಿತ್ರ


ಮಡಕಶಿರಾ
20 ಮೇ 2025

ಅವ್ವಾ,

ಬಳ್ಳಾರಿಯಿಂದ ಬಂದು ವಾರವಾಯಿತು. ಗಾಯ ಒಣಗುತ್ತಿದೆ, ಕಂಕುಳಿನ ಗಂಟುಗಳಿಗೆ ಹರಡಿಲ್ಲ ಎಂದು ಅಪ್ಪ ಹೇಳಿದರು. ಆದರೂ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ನಿನ್ನ ಮಂಚದ ಪಕ್ಕದಲ್ಲೇ ಇದ್ದೆ. ನೀನು ಗೋಡೆಯ ಕಡೆ ತಿರುಗಿ, 'ಏ ಗ್ವಾಡೀ, ಆಕಿಗೆ ಹೇಳು, ಮುಂಜಾನಿಂದ ಏನೂ ತಿಂದಿಲ್ಲ, ಇಡ್ಲಿ ತಿಂದು ಬಾ ಅಂತ' ಅಂದೆ. ನರ್ಸು ಬಂದು, 'ಅಮ್ಮಗ ಇನ್ನಾ ಮತ್ತು ಇಳಿದಿಲ್ರಿ, ಗ್ವಾಡಿ ಕೂಡ ಮಾತಾಡಕತ್ತಾರ' ಅಂತ ಡಾಕ್ಟರನ್ನು ಕರೆಯಲು ಹೋದಳು. ಅಪ್ಪ ನಕ್ಕರು. ನಾನೂ ಗೋಡೆಗೆ ಹೇಳಿ ಇಡ್ಲಿ ತಿಂದು ಬಂದೆ. ನೀನು ನಿದ್ದೆ ಹೋದಾಗ ನಿನ್ನ ಕೈ ಹಿಡಿದುಕೊಂಡಿದ್ದೆ. ನೀನು ಎಚ್ಚರವಾಗಿಯೇ ಇದ್ದೆ ಅಂತ ನನಗೆ ಗೊತ್ತು, ಬೆರಳು ಬಿಗಿಯಾಗಿತ್ತು.

ಆದರೆ ಒಂದು ಮಾತು ಕೇಳದೆ ಉಳಿದಿದೆ. ಗಡ್ಡೆಯನ್ನಷ್ಟೇ ತೆಗೆದು ಆಮೇಲೆ ಕೆಲವು ವಾರ ರೇಡಿಯೇಷನ್ ಕರೆಂಟು ಇಟ್ಟರೆ ಸಾಕು, ಎದೆ ಉಳಿಯುತ್ತದೆ, ಪೂರ್ತಿ ತೆಗೆದರೂ ಫಲ ಅಷ್ಟೇ ಎಂದು ಆಪರೇಷನ್ನಿಗೆ ಮೊದಲು ಡಾಕ್ಟರು ಬಿಡಿಸಿ ಹೇಳಿದರು. ನೀನು ಯೋಚಿಸಲೂ ಇಲ್ಲ. 'ಪೂರ್ತಿ ತೆಗೀರಿ' ಅಂದುಬಿಟ್ಟೆ. ಅಪ್ಪ ಬೇಡ ಎಂದರು, ನಾನು ಗೋಡೆಗೆ ಹತ್ತು ಸಲ ಹೇಳಿದೆ. ಬೆಳ್ಳಗೆ ಬ್ಯಾಂಡೇಜು ಸುತ್ತಿದ ಆ ಚಪ್ಪಟೆ ಜಾಗ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಯಾಕೆ ಹಾಗೆ ಮಾಡಿದೆ? ನಿನ್ನ ಮೈ, ನಿನ್ನ ಇಷ್ಟ. ಆದರೆ ನನಗೆ ಕಾರಣ ಬೇಕು.

ಪವಿತ್ರ


ರಾಯದುರ್ಗ
9 ಜೂನ್ 2025

ಚಿರಂಜೀವಿ ಸೌಭಾಗ್ಯವತಿ ಪವಿತ್ರಳಿಗೆ,

ಈ ಸಲ ಹೊಡೆದು ಹಾಕಲಿಲ್ಲ, ನೋಡಿಕೋ.

ಮಾತ್ರೆ ಶುರುವಾಗಿದೆ. ಐದು ವರ್ಷ ದಿನಾ ನುಂಗಬೇಕಂತೆ. ನುಂಗುವಾಗ 'ಮೇಸ್ತ್ರೀ, ಬಾಯಿ ಮುಚ್ಚು' ಅನ್ನುತ್ತೇನೆ. ಎಡಗೈ ಇನ್ನೂ ಪೂರ್ತಿ ಮೇಲೆ ಏಳುವುದಿಲ್ಲ. ನರ್ಸು ಹೇಳಿದ ಹಾಗೆ ಗೋಡೆಗೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಹತ್ತಿಸುತ್ತೇನೆ. ನಿಮ್ಮಪ್ಪ ಕಟಿಂಗಿನ ಚಾಕ್‌ಪೀಸಿನಿಂದ ಗೋಡೆಗೆ ದಿನಕ್ಕೊಂದು ಗೀಟು ಹಾಕುತ್ತಾರೆ. ನಿನ್ನೆಯದಕ್ಕಿಂತ ಇವತ್ತಿನದು ಎರಡು ಬೆರಳು ಮೇಲಿದೆ. ಬಸವರಾಜೇಶ್ವರಿ ದಿನಾ ಬೇಳೆ ಸಾರು ತಂದು, ನಾನು ಉಣ್ಣುವ ತನಕ ಎದುರಿಗೆ ಕೂತಿರುತ್ತಾಳೆ. ಅವಳು ಈಗ ಯಾರ ಡ್ರಾವನ್ನೂ ಮುಟ್ಟುವುದಿಲ್ಲ.

ಕಾರಣ ಕೇಳಿದೆ. ಕರೆಂಟು ಇಡಿಸಿಕೊಳ್ಳಲು ವಾರಗಟ್ಟಲೆ ದಿನಾ ಬಳ್ಳಾರಿಗೆ ಓಡಾಡಲು ನನ್ನಿಂದ ಆಗುವುದಿಲ್ಲ. ಡಾಕ್ಟರಿಗೆ ಹೇಳಿದ್ದು ಇದನ್ನೇ, ಇದು ಸುಳ್ಳಲ್ಲ. ಇನ್ನೊಂದಿದೆ. ಅದನ್ನು ಗೋಡೆಗೂ ಹೇಳಿರಲಿಲ್ಲ.

ನಿನ್ನ ಏಪ್ರಿಲ್ ಕಾಗದವನ್ನು ಎಷ್ಟು ಸಲ ಓದಿದ್ದೇನೋ ಮಡಿಕೆಯಲ್ಲಿ ಹರಿದಿದೆ. ಮೂರು ವರ್ಷಕ್ಕೂ ಹಿಂದಿನದು ಅಂತ ಓದಿದಾಗ ಮೈ ಹಗುರಾಯಿತು. ಆಮೇಲೆ ಯೋಚನೆ ಬಂತು, ಹಾಗಾದರೆ ನಾನು ಎದೆ ಬಡಿದುಕೊಂಡ ದಿನ ಅದು ಒಳಗೇ ಕೂತು ಕೇಳಿಸಿಕೊಂಡಿತ್ತು. ಅದು ಬೆಳೆಯುತ್ತಿತ್ತು, ನಾನು ಬಾಯಿ ಬಿಗಿದುಕೊಂಡಿದ್ದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅಂತಾರೆ. ಆಣೆಯೂ ಹಾಗೇ, ಹಾಕಿದವಳೇ ಬಿಚ್ಚಲು ಬರುವುದಿಲ್ಲ. ಮುರಿದರೆ ಅದರ ಫಲ ನಿನಗೆ ತಗುಲೀತು ಅಂತ ಹೆದರಿಕೆ. ನಗಬೇಡ. ನಿನ್ನ ಹೊಟ್ಟೆಯಲ್ಲಿ ಮಗು ಹುಟ್ಟಿದ ಮೇಲೆ ನಿನಗೂ ತಿಳಿಯುತ್ತದೆ.

ಡಾಕ್ಟರು ಎರಡು ದಾರಿ ಹೇಳಿದಾಗ ನನಗೆ ಒಂದೇ ಕಂಡಿತು. ಯಾವ ಎದೆಯ ಮೇಲೆ ಆಣೆ ಹಾಕಿದ್ದೆನೋ ಆ ಎದೆಯನ್ನೇ ತೆಗೆಯುತ್ತೇನೆ ಅಂತಾರೆ. ತೆಗೆಯಲಿ. ನಿನ್ನ ಕೂಡ ಮಾತಾಡದೆ ಇರುವುದಕ್ಕಿಂತ ಅದು ಕಷ್ಟವೇನಲ್ಲ. ಸ್ನಾನ ಮಾಡುವಾಗ ಕೈ ಆ ಜಾಗಕ್ಕೆ ಹೋಗಿ ನಿಂತುಬಿಡುತ್ತದೆ, ಅಳು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆಣೆ ನಿಲ್ಲಲು ಈಗ ಜಾಗವಿಲ್ಲ. ಪೂಜಾರಿಯನ್ನು ಕೇಳಿಲ್ಲ, ನಿನ್ನನ್ನೂ ಕೇಳುತ್ತಿಲ್ಲ. ನಾನೇ ತೀರ್ಮಾನ ಮಾಡಿದ್ದೇನೆ.

ನೀನು ಬಾಗಿಲಲ್ಲಿ ನಿಂತ ದಿನಕ್ಕೆ ಬರುವ ಶನಿವಾರ ಮೂರು ವರ್ಷ ತುಂಬುತ್ತದೆ. ಸಂಜೆ ಐದು ಗಂಟೆಗೆ ಫೋನು ಮಾಡುತ್ತೇನೆ. ಎತ್ತಿದ ಕೂಡಲೆ ಹಲೋ ಗಿಲೋ ಅನ್ನಬೇಡ. ಮೊದಲು ನಾನು ಮಾತಾಡಬೇಕು.

ಇಂತಿ ನಿನ್ನ ಹೆತ್ತವ್ವ,
ಓಬಮ್ಮ